ಪಕ್ಕದ ಸೀಟಿನ ಅಜ್ಜಿ ಮತ್ತು ಯುರೋಪಿನ ಟಿಕೆಟ್ ದರ

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಹೋಗುವ ವಿಮಾನ. ಏಪ್ರಿಲ್ ಕೊನೆಯ ವಾರ. ಪಕ್ಕದ ಸೀಟಿನಲ್ಲಿ ದಾವಣಗೆರೆ ಕಡೆಯ ಒಬ್ಬ ಅಜ್ಜಿ ಕೂತಿದ್ದರು. ಕಾಲ ಬಳಿ ಬಟ್ಟೆಯ ಕೈಚೀಲ, ಅದರೊಳಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಜರ್ಮನಿಯಲ್ಲಿ ಯಾರಿದ್ದಾರೆ ಅಂತ ಕೇಳಿದೆ. "ಜರ್ಮನಿಗಲ್ಲಪ್ಪ, ಚಿಕಾಗೋಗೆ. ಮಗಳ ಬಾಣಂತನ ಐತೆ" ಅಂದರು. ಅವರಾಚೆ ಕಿಟಕಿ ಪಕ್ಕದ ಹುಡುಗ ಟೊರೊಂಟೊಗೆ ಹೊರಟಿದ್ದ. ಮುಂದಿನ ಸಾಲಿನ ದಂಪತಿ ಡಲ್ಲಾಸ್‌ಗೆ. ಆಚೀಚೆ ಮಾತಾಡಿಸಿದವರಲ್ಲಿ ಯುರೋಪ್ ನೋಡಲು ಹೊರಟವನು ನಾನೊಬ್ಬನೇ.

ಬೇಸಿಗೆಯಲ್ಲಿ ಯುರೋಪಿನ ಟಿಕೆಟ್ ಯಾಕಿಷ್ಟು ದುಬಾರಿ ಅನ್ನೋ ಪ್ರಶ್ನೆಗೆ ಅರ್ಧ ಉತ್ತರ ಆ ಎರಡು ಸಾಲುಗಳಲ್ಲೇ ಇತ್ತು. ನಾವು ಯುರೋಪಿನ ಸೀಟಿಗೆ ಯುರೋಪಿಗೆ ಹೋಗುವವರ ಜೊತೆ ಮಾತ್ರ ಪೈಪೋಟಿ ಮಾಡುತ್ತಿಲ್ಲ. ಅಮೆರಿಕ, ಕೆನಡಾಕ್ಕೆ ಹೋಗುವ ಅಪ್ಪ ಅಮ್ಮಂದಿರು, ಆಗಸ್ಟ್‌ನಲ್ಲಿ ಕಾಲೇಜು ಸೇರುವ ವಿದ್ಯಾರ್ಥಿಗಳು, ರಜೆ ಮುಗಿಸಿ ವಾಪಸ್ಸಾಗುವ ಅನಿವಾಸಿ ಕುಟುಂಬಗಳು, ಎಲ್ಲರಿಗೂ ಬೇಕಾಗಿರುವುದು ಅದೇ ಸೀಟು. ಚಿಕಾಗೋದವರೆಗೆ ಹೋಗುವ ಅಜ್ಜಿಯ ಟಿಕೆಟ್‌ನಿಂದ ಕಂಪನಿಗೆ ಹೆಚ್ಚು ದುಡ್ಡು ಸಿಗುವುದಾದರೆ ಫ್ರಾಂಕ್‌ಫರ್ಟ್‌ನಲ್ಲೇ ಇಳಿಯುವ ನನಗೆ ಅಗ್ಗದ ಸೀಟು ಯಾಕೆ ಕೊಡುತ್ತಾರೆ?

ಹಾಗಾಗಿ ಅಗ್ಗದ ಟಿಕೆಟ್ ಹುಡುಕುವುದು ಅಂದರೆ ವೆಬ್‌ಸೈಟಿನ ಗುಟ್ಟು ಕಂಡುಹಿಡಿಯುವುದಲ್ಲ. ಬೇರೆಯವರ ಕ್ಯಾಲೆಂಡರ್ ಓದುವುದು.

ಇದು ನನ್ನ ಭಾವನಿಗೆ ಇನ್ನೂ ಪೂರ್ತಿ ಒಪ್ಪಿಗೆಯಾಗಿಲ್ಲ. ಅಕ್ಕನ ಮನೆ ಮೈಸೂರಿನಲ್ಲಿ. ಹೈಸ್ಕೂಲಿನ ಇಬ್ಬರು ಮಕ್ಕಳು. ಯುರೋಪ್ ಪ್ರವಾಸದ ಮಾತು ಶುರುವಾದ ದಿನದಿಂದ ಭಾವ ಮಂಗಳವಾರ ರಾತ್ರಿ ಹನ್ನೊಂದೂವರೆಗೆ ಲ್ಯಾಪ್‌ಟಾಪ್ ತೆಗೆದು ಕೂರುತ್ತಿದ್ದರು, ಅದೂ ಹುಡುಕಿದ್ದರ ಗುರುತು ಉಳಿಸಿಕೊಳ್ಳದ ಬ್ರೌಸರ್ ಕಿಟಕಿಯಲ್ಲಿ, ಅಂದರೆ ಇನ್‌ಕಾಗ್ನಿಟೋದಲ್ಲಿ. ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಹೇಳಿದ್ದರಂತೆ, ಮಂಗಳವಾರ ಮಧ್ಯರಾತ್ರಿ ದರ ಇಳಿಯುತ್ತದೆ, ಮತ್ತೆ ಮತ್ತೆ ಹುಡುಕಿದರೆ ಕಂಪ್ಯೂಟರ್ ನಮ್ಮನ್ನು ಗುರುತು ಹಿಡಿದು ದರ ಏರಿಸುತ್ತದೆ ಅಂತ.

ಎರಡೂ ಹಳೆಯ ನಂಬಿಕೆಗಳು. ನಿಜ ಇಷ್ಟೇ. ಒಂದು ವಿಮಾನದ ಎಕಾನಮಿ ಸೀಟುಗಳನ್ನು ಕಂಪನಿ ಹತ್ತು ಹದಿನೈದು ದರ್ಜೆಗಳಾಗಿ ಹಂಚಿಟ್ಟಿರುತ್ತದೆ. ಪ್ರತಿ ದರ್ಜೆಗೂ ಒಂದು ಇಂಗ್ಲಿಷ್ ಅಕ್ಷರ, ಒಂದು ದರ, ಇಂತಿಷ್ಟೇ ಸೀಟು. ಅಗ್ಗದ ದರ್ಜೆ ಖಾಲಿಯಾದರೆ ಮುಂದಿನದು ತೆರೆಯುತ್ತದೆ. ನಮ್ಮ ರೈಲ್ವೆಯವರು 2016ರ ಸೆಪ್ಟೆಂಬರ್‌ನಲ್ಲಿ ರಾಜಧಾನಿ, ಶತಾಬ್ದಿ, ದುರಂತೋ ರೈಲುಗಳಿಗೆ ಫ್ಲೆಕ್ಸಿ ದರ ತಂದಿದ್ದು ನೆನಪಿರಬಹುದು. ನೂರಕ್ಕೆ ಹತ್ತು ಸೀಟು ತುಂಬಿದ ಹಾಗೆಲ್ಲ ದರವೂ ನೂರಕ್ಕೆ ಹತ್ತರಂತೆ ಏರುವ ಲೆಕ್ಕ. ವಿಮಾನದಲ್ಲೂ ಮೂಲ ಅದೇ. ವ್ಯತ್ಯಾಸ ಏನೆಂದರೆ ಇಲ್ಲಿ ಮೆಟ್ಟಿಲುಗಳನ್ನು ದಿನಾ ಹಿಂದೆ ಮುಂದೆ ಸರಿಸುತ್ತಾರೆ. ಬುಕಿಂಗ್ ನಿರೀಕ್ಷೆಗಿಂತ ನಿಧಾನವಾಗಿದ್ದರೆ ಅಗ್ಗದ ದರ್ಜೆಗೆ ಇನ್ನೂ ನಾಲ್ಕು ಸೀಟು ಸೇರಿಸುತ್ತಾರೆ. ಜೋರಾಗಿದ್ದರೆ ಮುಚ್ಚಿಬಿಡುತ್ತಾರೆ.

ಹುಡುಕಿದಾಗ ಒಂದು ದರ, ದುಡ್ಡು ಕಟ್ಟಲು ಹೋದಾಗ ಇನ್ನೊಂದು ದರ ಬರುವುದಕ್ಕೂ ಬಹಳ ಸಲ ಇದೇ ಕಾರಣ. ಹುಡುಕಾಟದ ಸೈಟು ಸ್ವಲ್ಪ ಹೊತ್ತಿನ ಹಿಂದಿನ ದರ ತೋರಿಸುತ್ತಿರುತ್ತದೆ. ಅಷ್ಟರಲ್ಲಿ ಆ ದರ್ಜೆಯ ಸೀಟನ್ನು ಬೇರೆ ಯಾರೋ ಕೊಂಡಿರುತ್ತಾರೆ. ನಮ್ಮ ಮೇಲೆ ಯಾರೂ ಕಣ್ಣಿಟ್ಟಿರುವುದಿಲ್ಲ. ಇನ್ನು ಮಂಗಳವಾರದ ಮಾತಿನಲ್ಲಿ ಒಂದು ಚೂರು ಸತ್ಯ ಇದೆ, ಆದರೆ ತಲೆಕೆಳಗಾಗಿದೆ. ಮಂಗಳವಾರ ಕೊಳ್ಳುವುದರಿಂದ ಹೇಳಿಕೊಳ್ಳುವಂಥ ಲಾಭ ಇಲ್ಲ. ಮಂಗಳವಾರವೋ ಬುಧವಾರವೋ ಹಾರಿದರೆ ಇದೆ. ಶುಕ್ರವಾರ ರಾತ್ರಿ ಹೊರಟು ಭಾನುವಾರ ವಾಪಸ್ ಬರುವ ಆಸೆ ಎಲ್ಲರಿಗೂ ಇರುತ್ತದೆ ನೋಡಿ.

ಒಂದು ದಿನ ಭಾವನ ಲ್ಯಾಪ್‌ಟಾಪ್ ನಾನೇ ಎಳೆದುಕೊಂಡೆ. ಗೂಗಲ್ ಫ್ಲೈಟ್ಸ್‌ನಲ್ಲಿ ದಿನಾಂಕಗಳ ಚೌಕ ತೆರೆದರೆ ಹೋಗುವ ದಿನ ಮೇಲೆ, ಬರುವ ದಿನ ಪಕ್ಕದಲ್ಲಿ, ನಡುವೆ ದರಗಳು ಸಾಲಾಗಿ ಬರುತ್ತವೆ. ಭಾವ ನೋಡುತ್ತಿದ್ದದ್ದು ಮೇ 8ಕ್ಕೆ ಹೋಗಿ 22ಕ್ಕೆ ಬರುವುದು. ತಲೆಗೆ 94 ಸಾವಿರ. ಅದೇ ಕಂಪನಿ, ಅದೇ ಊರು, ಏಪ್ರಿಲ್ 14ಕ್ಕೆ ಹೋಗಿ 28ಕ್ಕೆ ಬರುವುದು 68 ಸಾವಿರ. ನಾಲ್ಕು ಜನಕ್ಕೆ 1 ಲಕ್ಷದ 4 ಸಾವಿರ ವ್ಯತ್ಯಾಸ. ಅಕ್ಕ ಅಡುಗೆಮನೆಯಿಂದಲೇ ಕೇಳಿದಳು, "ಮೇ ತಿಂಗಳೇ ಆಗಬೇಕು ಅಂತ ಯಾರು ಹೇಳಿದ್ದು?" ಯಾರೂ ಹೇಳಿರಲಿಲ್ಲ. ಬೇಸಿಗೆ ರಜೆ ಅಂದರೆ ಮೇ ಅಂತ ಸುಮ್ನೆ ಅಂದುಕೊಂಡಿದ್ದರು ಅಷ್ಟೇ.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಬೇಸಿಗೆ ಬೇರೆ, ಅವರ ಬೇಸಿಗೆ ಬೇರೆ. ಕರ್ನಾಟಕದ ಶಾಲೆಗಳಿಗೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ರಜೆ. ಉತ್ತರ ಭಾರತದ ಬಹಳಷ್ಟು ಶಾಲೆಗಳಿಗೆ ಮೇ ನಡುವಿನಿಂದ ಜೂನ್ ಕೊನೆಯವರೆಗೆ. ಯುರೋಪಿನವರ ದೊಡ್ಡ ರಜೆ ಜುಲೈ, ಆಗಸ್ಟ್. ಅಮೆರಿಕದಲ್ಲಿ ಮಕ್ಕಳಿರುವ ಅಪ್ಪ ಅಮ್ಮಂದಿರು ಚಳಿ ಕಳೆದ ಮೇಲೆ, ಏಪ್ರಿಲ್ ಕೊನೆ ಮತ್ತು ಮೇ ತಿಂಗಳಲ್ಲಿ ಹೊರಡುತ್ತಾರೆ. ಆರು ತಿಂಗಳೊಳಗೆ, ಮತ್ತೆ ಚಳಿ ಬರುವ ಮುಂಚೆ ವಾಪಸ್. ಈ ನಾಲ್ಕನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ ಮೇ ತಿಂಗಳ ದರ ಯಾಕೆ ಅಷ್ಟು ಏರಿರುತ್ತದೆ ಅಂತ ತಿಳಿಯುತ್ತದೆ. ಮೇ ನಡುವಿನಲ್ಲಿ ನಾವು, ಉತ್ತರದವರು, ಅಜ್ಜಿ, ಎಲ್ಲರೂ ಒಂದೇ ಬಾಗಿಲಲ್ಲಿ.

ಆದರೆ ಏಪ್ರಿಲ್‌ನ ಎರಡನೇ, ಮೂರನೇ ವಾರ ನಮಗೆ ಮಾತ್ರ ರಜೆ. ಉತ್ತರದವರಿಗೆ ಇಲ್ಲ. ಇದು ಕರ್ನಾಟಕದ ಮನೆಗಳಿಗೆ ತಾನಾಗಿ ಸಿಕ್ಕಿರುವ ಅನುಕೂಲ, ನಾವು ಅದನ್ನು ಬಳಸಿಕೊಳ್ಳುವುದು ಕಡಿಮೆ. ಕೆಲವರು ಚಳಿ ಅಂತ ಹೆದರುತ್ತಾರೆ. ಇಟಲಿ, ಸ್ಪೇನ್‌ನಲ್ಲಿ ಏಪ್ರಿಲ್ ನಡುವೆ ಒಂದು ಸ್ವೆಟರ್ ಸಾಕು. ಆಮ್‌ಸ್ಟರ್‌ಡ್ಯಾಮ್ ಹತ್ತಿರದ ಕ್ಯೂಕೆನ್‌ಹಾಫ್ ಟ್ಯುಲಿಪ್ ತೋಟ ತೆರೆದಿರುವುದೇ ಮಾರ್ಚ್ ನಡುವಿನಿಂದ ಮೇ ಎರಡನೇ ವಾರದವರೆಗೆ. ಜುಲೈಯಲ್ಲಿ ಹೋದರೆ ಒಂದು ಹೂವೂ ಇಲ್ಲ. ಸ್ವಿಟ್ಜರ್ಲೆಂಡ್‌ನ ಎತ್ತರದ ಘಾಟಿ ರಸ್ತೆಗಳು ಮಾತ್ರ ಏಪ್ರಿಲ್‌ನಲ್ಲಿ ಹಿಮ ಬಿದ್ದು ಮುಚ್ಚಿರುತ್ತವೆ. ರೈಲು ಓಡುತ್ತಿರುತ್ತದೆ, ಯುಂಗ್‌ಫ್ರೌಗೆ ವರ್ಷಪೂರ್ತಿ ಹೋಗಬಹುದು.

ಏಪ್ರಿಲ್‌ಗೆ ಒಂದೇ ಎಚ್ಚರಿಕೆ, ಈಸ್ಟರ್. ಅದು ನಮ್ಮ ಹಬ್ಬಗಳ ಹಾಗೆ ವರ್ಷ ವರ್ಷ ಜಾಗ ಬದಲಿಸುತ್ತದೆ. 2026ರಲ್ಲಿ ಏಪ್ರಿಲ್ 5, 2027ರಲ್ಲಿ ಮಾರ್ಚ್ 28, 2028ರಲ್ಲಿ ಏಪ್ರಿಲ್ 16. ಈಸ್ಟರ್ ಬೇಗ ಬಂದ ವರ್ಷ ಏಪ್ರಿಲ್ ನಡುವೆ ರೋಮ್‌ನಲ್ಲಿ ಹೋಟೆಲ್ ಸುಲಭ. 2028ರಂಥ ವರ್ಷದಲ್ಲಿ ಅದೇ ವಾರ ಕಾಲಿಡಲು ಜಾಗ ಇರುವುದಿಲ್ಲ. ಹಾಗೆಯೇ ಏಪ್ರಿಲ್ 27 ಹಾಲೆಂಡಿನವರ ರಾಜನ ದಿನ. ಆ ರಾತ್ರಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ರೂಮು ಹುಡುಕುವ ಸಾಹಸ ಬೇಡ.

ಶಾಲೆಗೆ ಹೋಗುವ ಮಕ್ಕಳಿಲ್ಲದವರ ಲೆಕ್ಕ ಬೇರೆ. ಯುರೋಪಿನ ಬೇಸಿಗೆಯನ್ನೇ ನೋಡಬೇಕು ಅಂದರೆ ಜುಲೈ ಮೊದಲ ಅರ್ಧದಲ್ಲಿ ಹೊರಡುವುದು ಆಗಸ್ಟ್‌ಗಿಂತ ವಾಸಿ. ಆಗ ದೊಡ್ಡ ಅಲೆ ಈಚೆಗೆ ಬರುತ್ತಿರುತ್ತದೆ. ಅಲ್ಲಿ ಶಾಲೆ ಮುಚ್ಚುತ್ತದೆ, ನಮ್ಮವರು ಮಕ್ಕಳನ್ನು ಕರೆದುಕೊಂಡು ಊರಿಗೆ ಬರುತ್ತಾರೆ. ದುಬೈ, ಅಬುಧಾಬಿಯಲ್ಲಿರುವ ಮಂಗಳೂರು, ಉಡುಪಿ ಕಡೆಯವರೂ ಆಗಲೇ ಬರುವುದು. ಇಲ್ಲಿಂದ ಅಲ್ಲಿಗೆ ಹೋಗುವ ಸೀಟು ಸ್ವಲ್ಪ ಸಡಿಲ ಇರುತ್ತದೆ. ಆಗಸ್ಟ್‌ನಲ್ಲಿ ಇದು ತಿರುಗುಮುರುಗು. ಬಂದವರೆಲ್ಲ ವಾಪಸ್, ಜೊತೆಗೆ ಎರಡೆರಡು ದೊಡ್ಡ ಸೂಟ್‌ಕೇಸ್ ಹಿಡಿದ ವಿದ್ಯಾರ್ಥಿಗಳು. ಆಗಸ್ಟ್ ಎರಡನೇ ವಾರ ಬೆಂಗಳೂರಿನಿಂದ ಪಶ್ಚಿಮಕ್ಕೆ ಹಾರುವುದು ಮೇ ತಿಂಗಳಷ್ಟೇ ದುಬಾರಿಯಾಗಬಹುದು. ದಸರಾ ರಜೆ ಇನ್ನೂ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ, ಆದರೆ ಅದು ಬೇಸಿಗೆಯ ಲೇಖನಕ್ಕೆ ಸೇರಿದ್ದಲ್ಲ, ಬಿಡಿ.

ಬೇಡಿಕೆಯ ಕಥೆ ಇದಾದರೆ ಸೀಟುಗಳ ಕಥೆ ಇನ್ನೊಂದಿದೆ. ಬೆಂಗಳೂರಿನಿಂದ ನೇರವಾಗಿ ಫ್ರಾಂಕ್‌ಫರ್ಟ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಲಂಡನ್‌ಗೆ ಹಲವು ವರ್ಷಗಳಿಂದ ವಿಮಾನಗಳಿವೆ. 2023ರ ನವೆಂಬರ್‌ನಲ್ಲಿ ಲುಫ್ತಾನ್ಸಾ ಮ್ಯೂನಿಕ್‌ಗೆ ಶುರು ಮಾಡಿತು. 2024ರ ಮಾರ್ಚ್ ಕೊನೆಗೆ ವರ್ಜಿನ್ ಅಟ್ಲಾಂಟಿಕ್ ಲಂಡನ್‌ಗೆ ಬಂತು. ಹೀಗೆ ಹೊಸಬರು ಬಂದಾಗ ಮೊದಲ ವರ್ಷ ದರ ಸ್ವಲ್ಪ ಮೃದುವಾಗುತ್ತದೆ. ನೇರ ವಿಮಾನ ಬಿಟ್ಟರೆ ಕೊಲ್ಲಿ ದೇಶಗಳ ಮೂಲಕ ಹೋಗುವುದು. ದುಬೈ, ದೋಹಾ, ಅಬುಧಾಬಿ, ಮಸ್ಕತ್, ಬಹ್ರೇನ್. ಬಹಳ ಸಲ ಅಗ್ಗ ಸಿಗುವುದು ಅಲ್ಲೇ.

ಆದರೆ ಅಲ್ಲೂ ಒಂದು ಮಿತಿ ಇದೆ. ಯಾವ ದೇಶದ ವಿಮಾನ ಇನ್ನೊಂದು ದೇಶಕ್ಕೆ ವಾರಕ್ಕೆ ಎಷ್ಟು ಸೀಟು ಹಾರಿಸಬಹುದು ಅನ್ನುವುದು ಎರಡು ಸರಕಾರಗಳ ನಡುವಿನ ಒಪ್ಪಂದ. ಭಾರತ ಮತ್ತು ದುಬೈ ನಡುವೆ 2014ರಲ್ಲಿ ನಿಗದಿಯಾದದ್ದು ಎರಡೂ ಕಡೆಗೆ ವಾರಕ್ಕೆ ಸುಮಾರು 66 ಸಾವಿರ ಸೀಟು. ಹೆಚ್ಚಿಸಿ ಅಂತ ದುಬೈಯವರು ವರ್ಷಗಟ್ಟಲೆ ಕೇಳಿದರು. ನಮ್ಮ ಸರಕಾರದ ವಾದ ಏನೆಂದರೆ, ಭಾರತೀಯರು ದುಬೈಯಲ್ಲಿ ವಿಮಾನ ಬದಲಿಸುವ ಬದಲು ದೆಹಲಿ, ಮುಂಬೈ, ಬೆಂಗಳೂರಿನಲ್ಲೇ ಬದಲಿಸುವಂತಾಗಬೇಕು, ನಮ್ಮ ಕಂಪನಿಗಳು ದೂರದ ಹಾರಾಟ ಬೆಳೆಸಬೇಕು. ವಾದ ತಪ್ಪಲ್ಲ. ಇಂಡಿಗೋ 2025ರ ಜುಲೈಯಲ್ಲಿ ಮುಂಬೈಯಿಂದ ಆಮ್‌ಸ್ಟರ್‌ಡ್ಯಾಮ್, ಮ್ಯಾಂಚೆಸ್ಟರ್‌ಗೆ ಹಾರಾಟ ಶುರು ಮಾಡಿದ್ದು ಈ ದಾರಿಯಲ್ಲೇ. ಆದರೆ ನಮ್ಮ ಕಂಪನಿಗಳ ದೊಡ್ಡ ವಿಮಾನಗಳು ಸಾಕಷ್ಟು ಬರುವ ತನಕ ಆ ಕೊರತೆಯ ಬೆಲೆ ಕಟ್ಟುವವರು ಟಿಕೆಟ್ ಕೊಳ್ಳುವವರೇ, ಅಲ್ವಾ?

ಇದರ ಮೇಲೆ ಆಕಾಶದ ದಾರಿಗಳ ತಾಪತ್ರಯ. 2022ರ ಫೆಬ್ರುವರಿಯಿಂದ ಯುರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಪಾಕಿಸ್ತಾನದ ಆಕಾಶ ಮುಚ್ಚಿತು. ಇದರ ಪೆಟ್ಟು ದೆಹಲಿಯಿಂದ ಹೊರಡುವ ವಿಮಾನಗಳಿಗೆ ಜಾಸ್ತಿ. ದಕ್ಷಿಣದಿಂದ ಹೊರಟು ಅರಬ್ಬಿ ಸಮುದ್ರದ ಮೇಲೆ ಹೋಗುವವರಿಗೆ ಅಷ್ಟಿಲ್ಲ. 2025ರ ಜೂನ್ 23ರ ರಾತ್ರಿ ಕತಾರ್ ತನ್ನ ಆಕಾಶವನ್ನೇ ಕೆಲವು ಗಂಟೆ ಮುಚ್ಚಿತು. ದೋಹಾದಲ್ಲಿ ವಿಮಾನ ಬದಲಿಸಬೇಕಿದ್ದ ಸಾವಿರಾರು ಜನ ಎಲ್ಲೆಲ್ಲೋ ಇಳಿದರು. ಕೊಲ್ಲಿಯ ದಾರಿ ಬೇಡ ಅಂತ ಇದರ ಅರ್ಥವಲ್ಲ. ಪೂರ್ತಿ ಪ್ರಯಾಣ ಒಂದೇ ಟಿಕೆಟ್‌ನಲ್ಲಿ, ಒಂದೇ ಪಿಎನ್‌ಆರ್‌ನಲ್ಲಿ ಇರಲಿ ಅಂತ. ಆಗ ಏನೇ ಆದರೂ ಊರು ಮುಟ್ಟಿಸುವ ಹೊಣೆ ಕಂಪನಿಯದು.

ಈ ಪಿಎನ್‌ಆರ್ ವಿಷಯದಲ್ಲಿ ಅಗ್ಗದ ಆಸೆಗೆ ಬಿದ್ದು ಎಡವಿದವನು ನಾನೇ. ಒಂದು ಬುಕಿಂಗ್ ಸೈಟಿನಲ್ಲಿ ಏಳು ಸಾವಿರ ಕಡಿಮೆ ಅಂತ ಟಿಕೆಟ್ ತೆಗೆದೆ. ಹೊರಡುವ ಮೂರು ವಾರ ಮುಂಚೆ ವಿಮಾನದ ಸಮಯ ಬದಲಾಯಿತು, ಮುಂದಿನ ವಿಮಾನ ಸಿಗುವಂತಿರಲಿಲ್ಲ. ವಿಮಾನ ಕಂಪನಿಗೆ ಫೋನ್ ಮಾಡಿದರೆ "ನೀವು ಕೊಂಡವರನ್ನೇ ಕೇಳಿ" ಅಂದರು. ಸೈಟಿನವರನ್ನು ಕೇಳಿದರೆ "ಕಂಪನಿಯಿಂದ ಒಪ್ಪಿಗೆ ಬರಬೇಕು" ಅಂದರು. ಹನ್ನೊಂದು ದಿನ ಇದೇ ಆಟ. ಕೊನೆಗೆ ಆ ಟಿಕೆಟ್‌ನಲ್ಲಿ ಎರಡು ಬೇರೆ ಬೇರೆ ಬುಕಿಂಗ್ ಅಂಟಿಸಿದ್ದರು ಅಂತ ಗೊತ್ತಾಯಿತು. ಉಳಿಸಿದ ಏಳು ಸಾವಿರಕ್ಕೆ ಹದಿನಾಲ್ಕು ಸಾವಿರ ದಂಡ ಬಿತ್ತು. ಅವತ್ತಿನಿಂದ ಹುಡುಕುವುದು ಎಲ್ಲಿ ಬೇಕಾದರೂ, ಕೊಳ್ಳುವುದು ಕಂಪನಿಯ ಸೈಟಿನಲ್ಲೇ. ಸಾವಿರ ಎರಡು ಸಾವಿರ ಹೆಚ್ಚಾದರೂ ಸರಿ. ಪರಿಚಯದ ಟ್ರಾವೆಲ್ ಏಜೆಂಟ್ ಇದ್ದರೆ ಅದೂ ಒಳ್ಳೆಯದೇ, ಕಷ್ಟ ಬಂದಾಗ ಅಂಗಡಿಗೆ ಹೋಗಿ ಕೂರಬಹುದು. "ಸೆಲ್ಫ್ ಟ್ರಾನ್ಸ್‌ಫರ್" ಅನ್ನುವ ಪದ ಕಂಡರೆ ಮಾತ್ರ ಎದ್ದು ಬನ್ನಿ. ನಡುವಿನ ಊರಲ್ಲಿ ಬ್ಯಾಗ್ ತೆಗೆದುಕೊಂಡು ಮತ್ತೆ ಚೆಕ್-ಇನ್ ಮಾಡಬೇಕು. ಹೊರಗೆ ಬರಲು ಆ ದೇಶದ ವೀಸಾ ಬೇಕಾಗಬಹುದು. ಮೊದಲ ವಿಮಾನ ತಡವಾದರೆ ಎರಡನೆಯದರ ದುಡ್ಡು ಹೋಯಿತು ಅಂತಲೇ ಲೆಕ್ಕ.

ಮುಂಬೈಯಿಂದ ಹೋದರೆ ಅಗ್ಗ ಅಂತ ಹೇಳುವವರಿಗೂ ಇದೇ ಮಾತು. ನಿಜ, ಮುಂಬೈಯಿಂದ ಕಂಪನಿಗಳು ಜಾಸ್ತಿ. ಜ್ಯೂರಿಕ್‌ಗೆ ಸ್ವಿಸ್, ಇಸ್ತಾಂಬುಲ್‌ಗೆ ಟರ್ಕಿಶ್ ಅಲ್ಲಿಂದ ಇವೆ, ನಮ್ಮಲ್ಲಿಂದ ಇಲ್ಲ. ಬೆಳಗಾವಿ, ಹುಬ್ಬಳ್ಳಿ, ವಿಜಯಪುರದವರಿಗೆ ಮುಂಬೈ ಸಹಜ ಆಯ್ಕೆ. ಕಲಬುರಗಿ, ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ. ಆದರೆ ಬೆಂಗಳೂರಿನವರು ಎಂಟು ಸಾವಿರ ಉಳಿಸಲು ಮುಂಬೈಗೆ ಹೋಗುವುದಾದರೆ ಆ ವಿಮಾನದ ದುಡ್ಡು, ಬ್ಯಾಗಿನ ದುಡ್ಡು, ತಡವಾದರೆ ಬೇಕಾಗುವ ಒಂದು ರಾತ್ರಿಯ ಹೋಟೆಲ್, ಎಲ್ಲ ಸೇರಿಸಿ ನೋಡಿ. ನಾಲ್ಕು ಜನ ಇದ್ದರೆ ಲೆಕ್ಕ ಬಹಳ ಸಲ ಉಲ್ಟಾ ಹೊಡೆಯುತ್ತದೆ.

ಇಳಿಯುವ ಊರು ಮತ್ತು ಹತ್ತುವ ಊರು ಒಂದೇ ಆಗಿರಬೇಕಿಲ್ಲ. ಇದು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಉಳಿತಾಯ, ಆದರೆ ಟಿಕೆಟ್ ದರದಲ್ಲಿ ನೇರವಾಗಿ ಕಾಣುವುದಿಲ್ಲ. ಭಾವ ಮೊದಲು ನೋಡಿದ್ದು ರೋಮ್‌ಗೆ ಹೋಗಿ ರೋಮ್‌ನಿಂದಲೇ ಬರುವುದು. ಆದರೆ ಪ್ರವಾಸ ಮುಗಿಯುವುದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಅಲ್ಲಿಂದ ರೋಮ್‌ಗೆ ವಾಪಸ್ ಬರಲು ನಾಲ್ಕು ಟಿಕೆಟ್, ಒಂದು ದಿನ, ಒಂದು ರಾತ್ರಿಯ ರೂಮು ದಂಡ. ಹುಡುಕುವಾಗ "ಮಲ್ಟಿ ಸಿಟಿ" ಒತ್ತಿ, ಹೋಗುವುದು ರೋಮ್‌ಗೆ, ಬರುವುದು ಆಮ್‌ಸ್ಟರ್‌ಡ್ಯಾಮ್‌ನಿಂದ ಅಂತ ಹಾಕಿದರೆ ದರದಲ್ಲಿ ತಲೆಗೆ ಎರಡು ಸಾವಿರದಷ್ಟೇ ವ್ಯತ್ಯಾಸ ಬಂತು. ಎರಡು ಒನ್-ವೇ ಟಿಕೆಟ್ ಬೇರೆ ಬೇರೆ ತೆಗೆಯುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಸಾಮಾನ್ಯವಾಗಿ ದುಬಾರಿ, ಇದು ಅಲ್ಲ.

ವಾಪಸ್ ಹೊರಡುವ ಊರು ಆರಿಸುವಾಗ ತೆರಿಗೆಯನ್ನೂ ನೋಡಬೇಕು. ಬ್ರಿಟನ್‌ನಿಂದ ವಿಮಾನ ಹತ್ತುವವರಿಗೆ ಅಲ್ಲಿನ ಸರಕಾರ ಒಂದು ಪ್ರಯಾಣಿಕ ತೆರಿಗೆ ಹಾಕುತ್ತದೆ. ಭಾರತದಷ್ಟು ದೂರಕ್ಕೆ ಎಕಾನಮಿಯಲ್ಲಿ ತಲೆಗೆ 2025ರ ಏಪ್ರಿಲ್‌ನಿಂದ 90 ಪೌಂಡ್ ಇದ್ದದ್ದು 2026ರ ಏಪ್ರಿಲ್‌ನಿಂದ 102 ಪೌಂಡ್. ಹತ್ತು ಸಾವಿರ ರೂಪಾಯಿಗೂ ಮೇಲೆ. 16 ವರ್ಷದೊಳಗಿನ ಮಕ್ಕಳಿಗೆ ಎಕಾನಮಿಯಲ್ಲಿ ಇದು ಇಲ್ಲ. ಇಳಿಯುವವರಿಗಂತೂ ಇಲ್ಲವೇ ಇಲ್ಲ. ಅಂದರೆ ಲಂಡನ್ ಮತ್ತು ಪ್ಯಾರಿಸ್ ಎರಡನ್ನೂ ನೋಡುವವರು ಲಂಡನ್‌ನಲ್ಲಿ ಇಳಿದು, ರೈಲಿನಲ್ಲಿ ಪ್ಯಾರಿಸ್‌ಗೆ ಹೋಗಿ, ಅಲ್ಲಿಂದ ವಾಪಸ್ ಹೊರಡುವುದು ಜಾಣತನ. ಫ್ರಾನ್ಸ್ ಕೂಡ 2025ರ ಮಾರ್ಚ್‌ನಿಂದ ದೂರದ ಪ್ರಯಾಣಕ್ಕೆ ಎಕಾನಮಿಯಲ್ಲಿ 40 ಯೂರೋ ಹಾಕುತ್ತಿದೆ. ಆದರೂ ಬ್ರಿಟನ್ನಿನ ಅರ್ಧಕ್ಕಿಂತ ಕಡಿಮೆ. ಸ್ಪೇನ್‌ನಲ್ಲಿ ಇಂಥ ತೆರಿಗೆಯೇ ಇಲ್ಲ.

ಲಂಡನ್ ವಿಷಯ ಬಂದಾಗ ಇನ್ನೊಂದು. ಲಂಡನ್‌ನಲ್ಲಿ ವಿಮಾನ ಬದಲಿಸಿ ರೋಮ್‌ಗೋ ಬಾರ್ಸಿಲೋನಾಗೋ ಹೋಗುವ ಟಿಕೆಟ್ ಕೆಲವು ಸಲ ಬಹಳ ಅಗ್ಗ ಕಾಣುತ್ತದೆ. ಭಾರತದ ಪಾಸ್‌ಪೋರ್ಟ್‌ನವರ ಕೈಯಲ್ಲಿ ಮಾಮೂಲಿ ಷೆಂಗೆನ್ ಪ್ರವಾಸಿ ವೀಸಾ (ಯುರೋಪಿನ ಬಹಳಷ್ಟು ದೇಶಗಳಿಗೆ ಸೇರಿ ಕೊಡುವ ಒಂದೇ ವೀಸಾ) ಮಾತ್ರ ಇದ್ದರೆ ಅಲ್ಲಿ ಬರೀ ವಿಮಾನ ಬದಲಿಸುವುದಕ್ಕೂ ಬ್ರಿಟನ್‌ನ ಟ್ರಾನ್ಸಿಟ್ ವೀಸಾ ಬೇಕು. ಇದು ಗೊತ್ತಿಲ್ಲದೆ ಬೆಂಗಳೂರಿನ ಚೆಕ್-ಇನ್ ಕೌಂಟರ್‌ನಲ್ಲೇ ನಿಂತುಹೋದರೆ ಆ ಉಳಿತಾಯಕ್ಕೆ ಏನು ಬೆಲೆ?

ಫ್ರಾಂಕ್‌ಫರ್ಟ್, ಮ್ಯೂನಿಕ್, ಆಮ್‌ಸ್ಟರ್‌ಡ್ಯಾಮ್ ಮೂಲಕ ಬೇರೆ ಊರಿಗೆ ಹೋಗುವವರು ನಡುವಿನ ಸಮಯ ನೋಡಿಕೊಳ್ಳಬೇಕು. ಷೆಂಗೆನ್ ದೇಶಗಳಿಗೆ ಮೊದಲು ಕಾಲಿಡುವ ಊರಲ್ಲೇ ಇಮಿಗ್ರೇಶನ್. 2025ರ ಅಕ್ಟೋಬರ್ 12ರಿಂದ ಅಲ್ಲಿ ಬರುವ ಹೋಗುವವರ ವಿವರವನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ಹೊಸ ವ್ಯವಸ್ಥೆ ಬಂದಿದೆ, ಮುಖದ ಫೋಟೊ ತೆಗೆಯುತ್ತಾರೆ. ಬೇಸಿಗೆಯ ಬೆಳಿಗ್ಗೆ ನಾಲ್ಕು ದೊಡ್ಡ ವಿಮಾನ ಒಟ್ಟಿಗೆ ಇಳಿದರೆ ಸಾಲು ಎಷ್ಟುದ್ದ ಅಂತ ಹೇಳಬೇಕಿಲ್ಲ. ಐವತ್ತು ನಿಮಿಷದ ಅಂತರ ಇರುವ ಟಿಕೆಟ್ ಅಗ್ಗ ಇದ್ದರೂ ನಾನು ತೆಗೆಯುವುದಿಲ್ಲ. ಎರಡೂವರೆ ಗಂಟೆ ಇರಲಿ. ಕೊಲ್ಲಿಯ ಮೂಲಕ ಬಂದರೆ ಈ ಗೊಡವೆ ಇಲ್ಲ, ಕೊನೆಯ ಊರಲ್ಲೇ ಇಮಿಗ್ರೇಶನ್.

ಇನ್ನೊಂದು ಸಣ್ಣ ವಿಷಯ, ಸಂಸಾರ ಇರುವವರಿಗೆ. ನಾಲ್ಕು ಸೀಟು ಒಟ್ಟಿಗೆ ಹುಡುಕಿದರೆ ನಾಲ್ಕಕ್ಕೂ ಒಂದೇ ದರ್ಜೆಯ ದರ ತೋರಿಸುವುದು ವಾಡಿಕೆ. ಅಗ್ಗದ ದರ್ಜೆಯಲ್ಲಿ ಎರಡೇ ಸೀಟು ಉಳಿದಿದ್ದರೆ ನಾಲ್ಕೂ ಜನ ಮೇಲಿನ ದರಕ್ಕೆ ಹೋಗುತ್ತಾರೆ. ಅಕ್ಕನ ಮನೆಯಲ್ಲಿ ಒಂದು ಸೀಟು ಅಂತ ಹಾಕಿ ನೋಡಿದಾಗ 68ರ ಬದಲು 63 ಸಾವಿರ ಬಂತು. ಎರಡು ಹಾಕಿದರೂ 63. ಮೂರು ಹಾಕಿದರೆ ಮತ್ತೆ 68. ಎರಡೆರಡು ಮಾಡಿ ಕೊಂಡರು, ಹತ್ತು ಸಾವಿರ ಉಳಿಯಿತು. ಒಂದೊಂದು ಪಿಎನ್‌ಆರ್‌ನಲ್ಲಿ ಒಬ್ಬ ದೊಡ್ಡವರು, ಒಂದು ಮಗು. ಇಬ್ಬರು ಮಕ್ಕಳನ್ನೇ ಒಂದು ಟಿಕೆಟ್‌ನಲ್ಲಿ ಹಾಕಿ ಎಡವಟ್ಟು ಮಾಡಿಕೊಳ್ಳಬೇಡಿ.

ಬ್ಯಾಗಿನ ಲೆಕ್ಕ ಎಲ್ಲರಿಗೂ ಗೊತ್ತು, ಆದರೂ ಮರೆಯುತ್ತಾರೆ. ಯುರೋಪಿನ ಕೆಲವು ಕಂಪನಿಗಳ "ಲೈಟ್" ದರದಲ್ಲಿ ಚೆಕ್-ಇನ್ ಬ್ಯಾಗೇ ಇರುವುದಿಲ್ಲ. ಅಲ್ಲಿನ ಒಳಗಿನ ಹಾರಾಟದ ಅಗ್ಗದ ಕಂಪನಿಗಳು ಇನ್ನೂ ಬಿಗಿ. ರಯನ್‌ಏರ್‌ನ ಕಡಿಮೆ ದರದಲ್ಲಿ ಸೀಟಿನ ಕೆಳಗೆ ಹಿಡಿಸುವ ಒಂದು ಚೀಲ ಅಷ್ಟೇ. 20 ಯೂರೋ ಟಿಕೆಟ್ ಕಂಡು ಹಿಗ್ಗಿ, ಕಾಫಿಪುಡಿ, ಹಪ್ಪಳ ತುಂಬಿದ ಸೂಟ್‌ಕೇಸ್ ಹಿಡಿದು ನಿಂತರೆ ಬ್ಯಾಗಿನ ದುಡ್ಡೇ ಟಿಕೆಟ್‌ಗಿಂತ ಜಾಸ್ತಿಯಾಗುತ್ತದೆ. ಅದೂ ಅಲ್ಲದೆ ಅವರು "ಪ್ಯಾರಿಸ್" ಅಂತ ಕರೆಯುವ ಬೋವೇ ವಿಮಾನ ನಿಲ್ದಾಣ ಪ್ಯಾರಿಸ್‌ನಿಂದ ಸುಮಾರು 85 ಕಿಲೋಮೀಟರ್. ಬೆಂಗಳೂರು ಅಂತ ಹೇಳಿ ಮದ್ದೂರಿನಲ್ಲಿ ಇಳಿಸಿದ ಹಾಗೆ.

ದರ ಹೋಲಿಸುವಾಗ ಯಾರೂ ನೋಡದ ಒಂದು ಸಾಲು, ಪರಿಹಾರದ ಹಕ್ಕು. ಯುರೋಪ್ ಒಕ್ಕೂಟದ 261/2004 ಅನ್ನುವ ನಿಯಮದ ಪ್ರಕಾರ ವಿಮಾನ ರದ್ದಾದರೆ, ಬಹಳ ತಡವಾದರೆ ಪ್ರಯಾಣಿಕರಿಗೆ ಪರಿಹಾರ ಕೊಡಬೇಕು. 3,500 ಕಿಲೋಮೀಟರಿಗಿಂತ ದೂರದ ಹಾರಾಟದಲ್ಲಿ ನಾಲ್ಕು ಗಂಟೆ ದಾಟಿ ತಡವಾದರೆ 600 ಯೂರೋ. ಹವಾಮಾನ, ಯುದ್ಧದಂಥ ಕಂಪನಿಯ ಕೈಮೀರಿದ ಕಾರಣವಾಗಿರಬಾರದು ಅಷ್ಟೆ. ಒಕ್ಕೂಟದ ದೇಶದಿಂದ ಹೊರಡುವ ಯಾವ ಕಂಪನಿಯ ವಿಮಾನಕ್ಕಾದರೂ ಇದು ಅನ್ವಯ. ಒಕ್ಕೂಟಕ್ಕೆ ಹೋಗುವಾಗ ಮಾತ್ರ ಅಲ್ಲಿನ ಕಂಪನಿಯ ವಿಮಾನವೇ ಆಗಿರಬೇಕು. ಹಾಗಾಗಿ ಬೆಂಗಳೂರಿನಿಂದ ಹೋಗುವಾಗ ಜರ್ಮನ್ ಅಥವಾ ಡಚ್ ಕಂಪನಿಯ ಟಿಕೆಟ್‌ನಲ್ಲಿ ಈ ರಕ್ಷಣೆ ಇದೆ, ಕೊಲ್ಲಿಯ ಕಂಪನಿಯದರಲ್ಲಿ ಇಲ್ಲ. ಎರಡರ ನಡುವೆ ಮೂರು ಸಾವಿರದ ವ್ಯತ್ಯಾಸ ಇದ್ದರೆ ನಾನು ಈ ಸಾಲು ನೋಡಿ ತೀರ್ಮಾನ ಮಾಡುತ್ತೇನೆ.

ಕೊನೆಗೆ ವೀಸಾ. ಟಿಕೆಟ್ ಮೊದಲೋ ವೀಸಾ ಮೊದಲೋ ಅನ್ನುವುದು ಎಲ್ಲ ಮನೆಯ ಜಗಳ. ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು. 2024ರ ಜೂನ್‌ನಿಂದ ಶುಲ್ಕ 90 ಯೂರೋ. 2024ರಲ್ಲಿ ಭಾರತದಲ್ಲಿ 11 ಲಕ್ಷಕ್ಕೂ ಹೆಚ್ಚು ಅರ್ಜಿ ಬಂದು, ಸುಮಾರು 1.65 ಲಕ್ಷ ತಿರಸ್ಕಾರವಾದವು. ಹೆಚ್ಚು ಕಡಿಮೆ ಏಳರಲ್ಲಿ ಒಂದು. ಹೀಗಿರುವಾಗ ರದ್ದು ಮಾಡಿದರೆ ದುಡ್ಡು ವಾಪಸ್ ಬರದ ಟಿಕೆಟ್‌ಗೆ ಎರಡೂವರೆ ಲಕ್ಷ ಕಟ್ಟಿ ಕೂರುವುದು ಜೂಜು. ಅರ್ಜಿಗೆ ಬೇಕಾಗಿರುವುದು ಪ್ರಯಾಣದ ರಿಸರ್ವೇಶನ್ ತಾನೇ. ಆದರೆ ವೀಸಾ ಕೈಗೆ ಬರುವ ತನಕ ಕಾದರೆ ಮಾರ್ಚ್ ಬರುತ್ತದೆ, ಅಗ್ಗದ ದರ್ಜೆ ಖಾಲಿಯಾಗಿರುತ್ತದೆ.

ಇದಕ್ಕೆ ನಾನು ಕಂಡುಕೊಂಡ ದಾರಿ, ರದ್ದತಿ ಶುಲ್ಕವನ್ನು ವಿಮೆಯ ಕಂತು ಅಂತ ನೋಡುವುದು. ಕೊಳ್ಳುವ ಮುಂಚೆ ದರದ ನಿಯಮ ತೆರೆದು ಓದಿ. ಒಂದೇ ವಿಮಾನದಲ್ಲಿ ಪೂರ್ತಿ ದುಡ್ಡು ಮುಳುಗುವ ಟಿಕೆಟ್ ಒಂದು, ನಿಗದಿತ ಶುಲ್ಕ ಕಳೆದು ಉಳಿದದ್ದು ವಾಪಸ್ ಕೊಡುವ ಟಿಕೆಟ್ ಇನ್ನೊಂದು. ಎರಡನೆಯದು ಸ್ವಲ್ಪ ದುಬಾರಿ. ಮೊದಲ ಸಲ ವೀಸಾ ಹಾಕುವವರು ಎರಡನೆಯದನ್ನೇ ತೆಗೆಯಲಿ, ಡಿಸೆಂಬರ್ ಅಥವಾ ಜನವರಿಯಲ್ಲಿ. ಅದೇ ವಾರ ವೀಸಾ ಸ್ಲಾಟ್ ಕೂಡ ಹಿಡಿಯಲಿ. ಹಿಂದೆ ಷೆಂಗೆನ್ ನೋಡಿ ಬಂದು, ಪಾಸ್‌ಪೋರ್ಟ್‌ನಲ್ಲಿ ಇನ್ನೂ ಜೀವ ಇರುವ ವೀಸಾ ಇರುವವರಿಗೆ ಈ ಚಿಂತೆ ಇಲ್ಲ.

ಅರ್ಜಿ ಹಾಕಬೇಕಾದ್ದು ಹೆಚ್ಚು ದಿನ ಉಳಿಯುವ ದೇಶಕ್ಕೆ, ಮೊದಲು ಇಳಿಯುವ ದೇಶಕ್ಕಲ್ಲ. ದಿನಗಳು ಸಮ ಇದ್ದರೆ ಮಾತ್ರ ಮೊದಲು ಕಾಲಿಡುವ ದೇಶ. ಎಲ್ಲಿ ಸ್ಲಾಟ್ ಖಾಲಿ ಇದೆಯೋ ಅಲ್ಲಿಗೆ ಹಾಕಿ, ಟಿಕೆಟ್ ಇನ್ನೆಲ್ಲಿಗೋ ಇಟ್ಟುಕೊಂಡರೆ ಅಧಿಕಾರಿ ಕೇಳದೆ ಬಿಡುವುದಿಲ್ಲ. ಅಕ್ಕನವರದು ಇಟಲಿಯಲ್ಲಿ ಎಂಟು ರಾತ್ರಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಾಲ್ಕು. ಹಾಗಾಗಿ ಅರ್ಜಿ ಇಟಲಿಗೆ.

ಪ್ಯಾಕೇಜ್ ತೆಗೆದುಕೊಂಡರೆ ಇಷ್ಟೆಲ್ಲ ತಲೆನೋವಿಲ್ಲ ಅನ್ನುವವರೂ ಇದ್ದಾರೆ. ನಿಜವೇ. ಆದರೆ ಟಿಕೆಟ್, ಹೋಟೆಲ್ ಸೇರಿಸಿ ಪ್ಯಾಕೇಜ್ ಮಾಡಿದರೆ ಅದರ ಮೇಲೆ ಟಿಸಿಎಸ್, ಅಂದರೆ ಮಾರುವಾಗಲೇ ವಸೂಲು ಮಾಡುವ ಆದಾಯ ತೆರಿಗೆ, ಹಿಡಿಯುತ್ತಾರೆ. ಬರೀ ಟಿಕೆಟ್ ಕೊಂಡರೆ ಅದಿಲ್ಲ. ಆದಾಯ ತೆರಿಗೆ ಲೆಕ್ಕದಲ್ಲಿ ಅದು ವಾಪಸ್ ಸಿಗುತ್ತದೆ, ಆದರೆ ಆ ತನಕ ದುಡ್ಡು ಅಲ್ಲಿ ಕೂತಿರುತ್ತದೆ.

ಅಕ್ಕನವರ ಟಿಕೆಟ್ ಜನವರಿ ಮೂರನೇ ವಾರ ಆಯಿತು. ಹೊರಡುವುದು ಏಪ್ರಿಲ್ 14, ಮಂಗಳವಾರ. ಇದರಿಂದ ಭಾವನಿಗೆ ಸ್ವಲ್ಪ ಸಮಾಧಾನ, ಮಂಗಳವಾರದ ಮಾತು ಅಷ್ಟಾದರೂ ನಡೆಯಿತಲ್ಲ. ಕೊಂಡ ಮೇಲೆ ಮತ್ತೆ ದರ ನೋಡಬೇಡಿ ಅಂತ ಹೇಳಿ ಬಂದಿದ್ದೆ. ಎಂಟನೇ ದಿನ ರಾತ್ರಿ ಫೋನ್ ಬಂತು. "ಹದಿನೆಂಟು ನೂರು ಇಳಿದಿದೆ ಕಣೋ, ಇನ್‌ಕಾಗ್ನಿಟೋದಲ್ಲಿ."